ಗೋಡೆಗೆ ಮುಖ ಮಾಡಿದ ಚಿತ್ರ

ದುಂಡಸಿಯ ಫಕ್ಕೀರಪ್ಪನ ಮಗಳು ಸಮತಾ ಮನುಷ್ಯರನ್ನು ಒಂದೇ ನೋಟಕ್ಕೆ ಅಳೆದು ಬದಿಗಿಡುವವಳು. ಹೊಗಳಲಿಕ್ಕೆ ಹೇಳುತ್ತಿಲ್ಲ. ಇಪ್ಪತ್ತೊಂದರ ಹುಡುಗಿಗೆ ಅಷ್ಟೊಂದು ಖಾತ್ರಿ ಒಳ್ಳೆಯದಲ್ಲ. ಬಸ್ಸಿನಲ್ಲಿ ಎದುರಿಗೆ ಕೂತ ಹೆಂಗಸು ಚೀಲದ ಬಾಯಿ ಹಿಡಿದುಕೊಂಡ ರೀತಿ ನೋಡಿ "ಭಾರಿ ಸಂಶೇದಾಕಿ" ಎನ್ನುವಳು. ಕಂಡಕ್ಟರ್ ಚಿಲ್ಲರೆ ಕೊಡುವಾಗ ಬೆರಳು ಮಡಚಿದ್ದು ನೋಡಿ "ಜುಗ್ಗ" ಎನ್ನುವಳು. ಬಹಳ ಸಲ ಅವಳು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಚಿತ್ರಕಲೆಯ ಪದವಿಯ ಕೊನೆಯ ವರ್ಷಕ್ಕೆ ವಿದ್ಯಾ ಮೇಡಂ ಕೊಟ್ಟ ಕೆಲಸ ಅವಳ ಈ ಚಟಕ್ಕೆ ಹೇಳಿ ಮಾಡಿಸಿದಂತಿತ್ತು. ತಮಗೆ ಗೊತ್ತಿರುವ ಕೆಲವರನ್ನು ಆರಿಸಿಕೊಳ್ಳಬೇಕು, ಒಬ್ಬೊಬ್ಬರಲ್ಲಿ ಒಂದೊಂದು ಗುಣ ಹಿಡಿಯಬೇಕು, ಆದರೆ ಮುಖ ಬರೆಯಬಾರದು. ಗುಣವನ್ನು ಬಣ್ಣ ಹೇಳಬೇಕು, ಬಣ್ಣ ಹಚ್ಚಿದ ರೀತಿ ಹೇಳಬೇಕು. ಕೊನೆಯ ಹಾಳೆ ಮಾತ್ರ ಕಡ್ಡಾಯವಾಗಿ ತಮ್ಮದೇ ಗುಣದ್ದು.

"ಮುಖಾ ಬರದ್ರ ನೋಡವ್ರು ಬರೇ ಮುಖಾ ನೋಡ್ತಾರ," ಎಂದಿದ್ದರು ಮೇಡಂ. "ನಿಮ್ಮ ಕೈ ಹಾಳಿ ಮ್ಯಾಲ ಹೆಂಗ ಓಡೇತಿ ಅನ್ನೂದರಾಗ ಆ ಮನಷ್ಯಾ ಕಾಣಬೇಕು."

ಸಮತಾ ಮೊದಲು ಹಿಡಿದದ್ದು ಸವಣೂರಿನ ರೋಶನಬಿಯನ್ನು. ರೋಶನಬಿ ಎಂದರೆ ಅವಳ ಗೆಳತಿ ಗುಲ್ನಾರಳ ಅಜ್ಜಿ. ವೀಳ್ಯದೆಲೆ ವ್ಯಾಪಾರದ ಮನೆ; ಬಾಗಿಲಿಗೆ ಯಾರೇ ಬಂದರೂ ಕೈಗೊಂದು ಎಲೆಯ ಕಟ್ಟು ಹಿಡಿಸದೆ ಕಳಿಸಿದವಳಲ್ಲ. ಅವಳ ಧಾರಾಳತನಕ್ಕೆ ಸಮತಾ ಹಾಳೆಯನ್ನು ನೀರಲ್ಲಿ ಅದ್ದಿ ತೆಗೆದು, ನಡುವೆ ಹಸಿರು ಸುರಿದು, ಅದು ಅಂಚು ದಾಟಿ ಮೇಜಿನ ಮೇಲೆ ಹರಿಯುವ ತನಕ ಕೈಕಟ್ಟಿ ನಿಂತಳು. ಚಿತ್ರ ನೋಡಿದ ಅಜ್ಜಿ "ಇಷ್ಟ ಬಣ್ಣಾ ಯಾಕ ದಂಡ ಮಾಡಿದಿ ಬೇಟಾ?" ಎಂದು ಗದರಿ, ಅದೇ ಉಸಿರಿನಲ್ಲಿ ಊಟಕ್ಕೆ ಕೂರಿಸಿದಳು. ಅವ್ವ ಅಡಿವೆವ್ವನ ಹಟಕ್ಕೆ ಒಂದೇ ಒಂದು ಕಪ್ಪು ಗೆರೆ. ಅದರ ಮೇಲೆಯೇ ಮತ್ತೆ ಮತ್ತೆ ಎಳೆದು, ಹಾಳೆ ಇನ್ನೇನು ಹರಿಯಬೇಕು ಎನ್ನುವಲ್ಲಿ ನಿಲ್ಲಿಸಿದಳು. ಅಡಿವೆವ್ವ ಅದನ್ನು ನೋಡಿ ಮೂಗು ಮುರಿದಳು, ಆದರೆ ಅಲ್ಲಗಳೆಯಲಿಲ್ಲ.

ತನ್ನ ಹಾಳೆಗೆ ಸಮತಾ ಹೆಚ್ಚು ಯೋಚಿಸಲಿಲ್ಲ. ಹುಬ್ಬಳ್ಳಿಯ ಅಂಗಡಿಯಿಂದ ತಂದ ಟ್ಯೂಬಿನ ಕೆಂಪನ್ನು ಚಪ್ಪಟೆ ಚಾಕುವಿನಿಂದ ದಪ್ಪಗೆ ಮೆತ್ತಿದಳು. ಹೆಸರು 'ಧೈರ್ಯ'. ಯಾರ ಮುಂದೆಯೂ ಬಾಯಿ ಮುಚ್ಚಿಕೊಂಡು ನಿಲ್ಲುವವಳು ತಾನಲ್ಲ ಎಂಬುದನ್ನು ಅವಳು ಯಾವತ್ತೋ ತೀರ್ಮಾನ ಮಾಡಿಕೊಂಡಿದ್ದಳು. ಯಾರ ಹಾಗೆ ಆಗಬಾರದು ಎಂಬುದನ್ನೂ ಅದೇ ದಿನ ತೀರ್ಮಾನ ಮಾಡಿದ್ದಳು. ಅಪ್ಪನ ಹಾಗೆ.

ಫಕ್ಕೀರಪ್ಪ ಸುಣ್ಣ ಬಳಿಯುವವನು. ಈಗ ಎಲ್ಲರೂ ಪೇಂಟು, ಡಿಸ್ಟೆಂಪರ್ ಎನ್ನುತ್ತಾರೆ. ಆದರೂ ಹಳೆಯ ಮನೆಗಳಿಗೆ, ಶಾಲೆಗಳಿಗೆ, ಉಗ್ರಾಣಗಳಿಗೆ ಸುಣ್ಣವೇ ಬೇಕು. ಸುಣ್ಣ ಎಂದರೆ ಶಿಗ್ಗಾಂವಿ ಕಡೆಯವರು ಫಕ್ಕೀರಪ್ಪನಿಗೇ ಫೋನು ಹಚ್ಚುತ್ತಾರೆ. ಉದ್ದನೆಯ ತೆಳ್ಳನೆಯ ಆಳು, ಮಾತು ಕಡಿಮೆ. ಬೇರೆಯವರ ಮನೆಯಲ್ಲಿ ಕುರ್ಚಿ ಕೊಟ್ಟರೆ "ಇರ್ಲಿ ಬಿಡ್ರಿ" ಎಂದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂರುವನು. ಕೂತಾಗಲೂ ಗೋಡೆಗೆ ಬೆನ್ನು ತಾಗಿಸನು. ಗೋಡೆಗೂ ಬೆನ್ನಿಗೂ ನಡುವೆ ಯಾವಾಗಲೂ ಒಂದು ಬೆರಳಿನ ಸಂದು. ತಾನೇ ಬೆಳ್ಳಗೆ ಮಾಡಿದ ಗೋಡೆಗೆ ಒರಗಲೂ ಈ ಮನುಷ್ಯ ಹೆದರುತ್ತಾನಲ್ಲ ಎಂದು ಆ ಸಂದನ್ನು ನೋಡಿದಾಗಲೆಲ್ಲ ಸಮತಾಗೆ ಸಿಟ್ಟು ಬರುತ್ತಿತ್ತು.

ಆ ಸಿಟ್ಟು ಹಳೆಯದು. ಹಿರೇಕೆರೂರು ಅಡಿವೆವ್ವನ ತವರು. ಸಮತಾ ಏಳನೆಯ ಇಯತ್ತೆಯಲ್ಲಿದ್ದಾಗ ದೀಪಾವಳಿ ಮುಂದೆ ಅಲ್ಲಿಗೆ ಹೋಗಿದ್ದರು, ಫಕ್ಕೀರಪ್ಪನಿಗೆ ಅಲ್ಲಿಯ ಸಾವಕಾರರೊಬ್ಬರ ಮನೆಯಲ್ಲಿ ಕೆಲಸ ಸಿಕ್ಕಿತ್ತು. ಸುಣ್ಣಕ್ಕೆ ಬೆರೆಸುವ ನೀಲಿಯ ಡಬ್ಬಿ ಹಿಡಿದುಕೊಂಡು ಮಗಳೂ ಜೊತೆಗಿದ್ದಳು. ಗೋಡೆಯ ಗೂಡಿನಲ್ಲಿಟ್ಟಿದ್ದ ಅವರ ಕೈಗಡಿಯಾರ ಕಾಣದಾಯಿತು. ಸಾವಕಾರರು ಬಂದವರೇ "ಇಲ್ಲೆ ಒಳಗ ಬಂದವ ನೀ ಒಬ್ಬನ" ಎಂದರು. ಫಕ್ಕೀರಪ್ಪ ತಾನು ತಗೊಂಡಿಲ್ಲ ಎನ್ನಲಿಲ್ಲ. ಕುಂಚ ಕೆಳಗಿಟ್ಟು, ಕೈ ಜೋಡಿಸಿ, "ತಪ್ಪಾತ್ರಿ, ಸಾವಕಾರ್ರ" ಎಂದ. ಯಾವ ತಪ್ಪು? ಯಾರ ತಪ್ಪು? ತನ್ನ ಚೀಲವನ್ನು ತಾನೇ ತಲೆಕೆಳಗು ಮಾಡಿ ಝಾಡಿಸಿ ತೋರಿಸಿದ. ಬುತ್ತಿಯ ರೊಟ್ಟಿ ಅಂಗಳದಲ್ಲಿ ಬಿತ್ತು. ಸಂಜೆಗೆ ಗಡಿಯಾರ ಸಾವಕಾರರ ದಿಂಬಿನ ಕೆಳಗೆ ಸಿಕ್ಕಿತು. ಮರುದಿನ ಫಕ್ಕೀರಪ್ಪ ಅದೇ ಮನೆಗೆ ಹೋಗಿ ಉಳಿದ ಗೋಡೆ ಮುಗಿಸಿ ಬಂದ.

"ನಾ ತಗೊಂಡಿಲ್ಲ ಅಂತ ಯಾಕ ಹೇಳಲಿಲ್ಲ?" ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದಳು ಮಗಳು.

"ನಡಿ, ಬಸ್ ಹೋಗತೈತಿ," ಎಂದಿದ್ದ ಅಪ್ಪ.

ಅಷ್ಟೇ. ಆ ಹುಡುಗಿ ಅದನ್ನು ಮರೆಯಲಿಲ್ಲ, ಕ್ಷಮಿಸಲೂ ಇಲ್ಲ. ಈಗ ಅಪ್ಪನ ಗುಣ ಯಾವುದು ಎಂದು ಅವಳು ಹುಡುಕಬೇಕಾಗಿಯೇ ಇರಲಿಲ್ಲ. 'ಅಂಜಿಕೆ'.

ಬಣ್ಣವೂ ತಾನಾಗಿಯೇ ಒದಗಿ ಬಂತು. ಆ ದಿನ ಅಪ್ಪನ ಮುಖಕ್ಕೆ ಏರಿದ್ದ ಹಳದಿ ಯಾವ ಟ್ಯೂಬಿನಲ್ಲೂ ಸಿಗಲಿಲ್ಲ. ಕೊನೆಗೆ ಅಡುಗೆ ಮನೆಯ ಅರಿಶಿನವನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಸೋಸಿದ್ದಕ್ಕೆ ಮತ್ತೆ ನೀರು ಬೆರೆಸಿ ನೋಡಿದಳು. ಸಿಕ್ಕಿತು. ದೊಡ್ಡ ಹಾಳೆಯ ಒಂದು ಮೂಲೆಯಲ್ಲಿ, ಬಿಸಿಲಿಗೆ ಹಿಡಿದರೆ ಮಾಸಿಯೇ ಹೋಗುವಷ್ಟು ತೆಳುವಾಗಿ, ಕುಕ್ಕರುಗಾಲಲ್ಲಿ ಕೂತ ಒಂದು ಆಕಾರ. ಅದರ ಬೆನ್ನ ಹಿಂದೆ ಗೋಡೆಯ ಗೆರೆ. ಎರಡರ ನಡುವೆ ಬಣ್ಣ ಮುಟ್ಟದ ಒಂದು ಬಿಳಿ ಸಂದು. ಆ ಸಂದನ್ನು ಕಾಪಾಡಲು ಅವಳು ಉಸಿರು ಬಿಗಿಹಿಡಿದು ಕೆಲಸ ಮಾಡಿದಳು. ಕೈ ಒಂದಿಷ್ಟು ನಡುಗಿದರೂ ಹಾಳೆ ಹೀರಿಕೊಂಡುಬಿಡುತ್ತಿತ್ತು.

ಕೂತ ರೀತಿ ನೋಡಿ ಬರೆಯಬೇಕೆಂದು ಅಪ್ಪನನ್ನೇ ಅಂಗಳದಲ್ಲಿ ಕೂರಿಸಿದ್ದಳು. ಅವನಿಗೆ ನಾಚಿಕೆ. ತಲೆಗೆ ಸುತ್ತಿದ ಟವೆಲ್ಲನ್ನು ಮೂರು ಸಲ ಬಿಚ್ಚಿ ಕಟ್ಟಿದ. ಆಮೇಲೆ ಕೇಳಿದ:

"ನಂದು ಯಾವ ಗುಣಾ ಬರ್ಯಾಕತ್ತಿ?"

ಕುಂಚ ಗಾಳಿಯಲ್ಲೇ ನಿಂತಿತು. ಯಾರ ಮುಂದೆಯೂ ಬಾಯಿ ಮುಚ್ಚದವಳು ಆ ಹೊತ್ತಿಗೆ ಬಾಯಿ ಬಿಟ್ಟದ್ದು ಸುಳ್ಳು ಹೇಳಲಿಕ್ಕೆ.

"ತಾಳ್ಮಿ, ಅಪ್ಪ."

ಫಕ್ಕೀರಪ್ಪ ಕಾಲು ಜೋಮು ಹಿಡಿದರೂ ಏಳದೆ, ಸೊಳ್ಳೆ ಕಡಿದರೂ ಕದಲದೆ, ಸಂಜೆಯವರೆಗೆ ತಾಳ್ಮೆಯಿಂದ ಕೂತ. ಮರುದಿನ ದುಂಡಸಿಯ ಚಹಾದ ಅಂಗಡಿಗೆಲ್ಲ ಸುದ್ದಿ ಹಬ್ಬಿತ್ತು. ಫಕ್ಕೀರಪ್ಪನ ಮಗಳು ಕಾಲೇಜಿನಲ್ಲಿ ಅಪ್ಪನ ಚಿತ್ರ ಬರೆದಿದ್ದಾಳೆ, ಅದರ ಹೆಸರು ತಾಳ್ಮೆ. ಜೀವಮಾನದಲ್ಲಿ ತನ್ನ ಬಗ್ಗೆ ಒಂದು ಮಾತು ಆಡದವನು ಇದನ್ನು ಕಂಡಕಂಡವರಿಗೆ ಹೇಳಿಕೊಂಡು ಬಂದಿದ್ದ. ಅಡಿವೆವ್ವ ಒಲೆಯ ಮುಂದೆ ಕೂತು ನಕ್ಕಳು. "ತಾಳ್ಮಿ ಅಂತ ತಾಳ್ಮಿ! ಚಾ ಚೂರು ತಡಾ ಆದ್ರ ಒಲಿ ಮುಂದ ಬಂದು ನಿಂದರತಾನ." ಸಮತಾ ನಗಲಿಲ್ಲ. ಉಣ್ಣುತ್ತಿದ್ದವಳು ಅರ್ಧಕ್ಕೇ ಎದ್ದಳು.

ಚಿತ್ರ ಕಾಲೇಜಿನ ನಾಲ್ಕು ಗೋಡೆಯೊಳಗೇ ಉಳಿಯುತ್ತದೆ, ಅಪ್ಪನಿಗೆಲ್ಲಿ ಕಾಣುತ್ತದೆ ಎಂದು ಅವಳು ಧೈರ್ಯ ತಂದುಕೊಂಡಿದ್ದಳು. ಅದೂ ಉಳಿಯಲಿಲ್ಲ. ಕೊನೆಯ ವರ್ಷದವರ ಚಿತ್ರಗಳನ್ನು ಹಾನಗಲ್ಲಿನ ಒಂದು ಸಭಾಭವನದಲ್ಲಿ ಇಡುವುದು, ಹೊರಗಿನ ಪರೀಕ್ಷಕರು ಅಲ್ಲಿಗೇ ಬಂದು ಅಂಕ ಕೊಡುವುದು ಎಂದು ಗೊತ್ತಾಯಿತು. ಸಭಾಭವನ ನೋಡಿಕೊಳ್ಳುವ ಹುಲಗೇಶ ಎಂಬವನು ಗೋಡೆ ಹೊಲಸಾಗಿವೆ, ಸುಣ್ಣ ಆಗಬೇಕು ಎಂದ. ವಿದ್ಯಾ ಮೇಡಂ ಸಮತಾಳ ಕಡೆ ತಿರುಗಿ ಸಹಜವಾಗಿಯೇ ಕೇಳಿದರು: "ನಿಮ್ಮ ತಂದೆಯವರು ಇದನ್ನ ಮಾಡ್ತಾರಲ್ಲ?"

ಮಾಡುತ್ತಾರೆ. ಇಲ್ಲ ಎನ್ನಲು ಅವಳ ಬಳಿ ಕಾರಣವಿರಲಿಲ್ಲ. ಮಗಳ ಚಿತ್ರ ತೂಗುವ ಗೋಡೆಗೆ ತಾನೇ ಸುಣ್ಣ ಹಚ್ಚುವುದು ಎಂದು ಕೇಳಿ ಫಕ್ಕೀರಪ್ಪ ಹಿಡಿದಿದ್ದ ಬೇರೆ ಕೆಲಸ ಬಿಟ್ಟು ಬಂದ.

ಅವಳು ಮೇಡಂ ಹತ್ತಿರ ಹೋಗಿ ಆ ಒಂದು ಚಿತ್ರ ಬೇಡ ಎಂದಳು. ಮೇಡಂ ಕೇಳಲಿಲ್ಲ. "ಅದನ್ನ ತಗದ್ರ ಉಳಿದಾವಕ್ಕ ಜೀವಾನ ಇಲ್ಲ." ಹೆಸರಾದರೂ ಬದಲಿಸಲೇ ಎಂದಳು. ಹೆಸರಿನ ಚೀಟಿಗಳೆಲ್ಲ ಅಚ್ಚಾಗಿದ್ದವು, ಪರೀಕ್ಷಕರಿಗೂ ಹೋಗಿದ್ದವು. ಗುಲ್ನಾರ ಮಾತ್ರ ಎಲ್ಲವನ್ನೂ ಕೇಳಿ ನೇರವಾಗಿ ಹೇಳಿದಳು:

"ಹೋಗಿ ಹೇಳಿಬಿಡು ಅವರಿಗೆ. ಹಿಂಗ ಬರದೇನಿ, ತಪ್ಪು ತಿಳಕೋಬ್ಯಾಡ ಅನ್ನು."

"ಹೆಂಗ ಹೇಳ್ಲಿ? ನೀ ಅಂಜುಬುರಕ ಅಂತ ಬರದೇನಿ ಅನ್ಲಿ?"

"ಬರ್ಯಾಕ ಬರತೈತಿ, ಹೇಳಾಕ ಬರೂದಿಲ್ಲೇನು?" ಎಂದಳು ಗುಲ್ನಾರ. ಸಮತಾಗೆ ಅವಳ ಮೇಲೆ ಸಿಟ್ಟು ಬಂತು.

ಪ್ರದರ್ಶನದ ಹಿಂದಿನ ಸಂಜೆ ಇಬ್ಬರೂ ಚಿತ್ರಗಳ ಕಟ್ಟು ಹೊತ್ತು ಹಾನಗಲ್ಲಿಗೆ ಬಂದಾಗ ಫಕ್ಕೀರಪ್ಪ ಒಳಭಾಗದ ಕೊನೆಯ ಗೋಡೆ ಮುಗಿಸುತ್ತಿದ್ದ. ಮಳೆ ಬಂದು ಹೋಗಿ ಹವೆಯೆಲ್ಲ ತಂಡಿಯಾಗಿತ್ತು. ಕಣ್ಣರೆಪ್ಪೆಯ ಮೇಲೂ ಸುಣ್ಣದ ಹನಿ ಕೂತಿದ್ದ ಮುಖದಲ್ಲಿ ಅವನು ಮಗಳನ್ನು ನೋಡಿ ನಕ್ಕ.

"ಮುಂದಿನ ಗ್ವಾಡಿ ಎಲ್ಲಾ ಒಣಗ್ಯಾವ. ಕಂಬದ ಹಿಂದಿನ ಈ ಗ್ವಾಡಿ ಇನ್ನಾ ಹಸಿ ಐತಿ. ಇದಕ್ಕ ಏನೂ ತೂಗು ಹಾಕಬ್ಯಾಡ ನಾಳಿ ಮಟ. ಕೇಳಿದೇನು?"

"ಹೂಂ," ಎಂದಳು. ಅವಳ ಕಣ್ಣು ಅವನ ಮೇಲಿರಲಿಲ್ಲ, ಕಟ್ಟಿನ ಮೇಲಿತ್ತು.

"ನಂದು ಎಲ್ಲೈತಿ? ತಗಿ, ನೋಡೂಣು."

"ನಾಳಿ ನೋಡುವಿಯಂತ, ಅಪ್ಪ. ಇನ್ನಾ ಚೂರು ಕೆಲಸ ಐತಿ ಅದರಾಗ."

ಅವನು ಹ್ಞೂಂಗುಟ್ಟಿ ಕೈಕಾಲು ತೊಳೆಯಲು ನಲ್ಲಿಯ ಕಡೆಗೆ ಹೋದ. ಅಷ್ಟು ಹೊತ್ತಿನಲ್ಲಿ ಅವಳು ಉಳಿದ ಚಿತ್ರಗಳನ್ನು ಮುಂದಿನ ಗೋಡೆಗೆ ತೂಗುಹಾಕಿದಳು. ಆ ಒಂದು ಹಾಳೆ ಕೈಯಲ್ಲಿ ಉಳಿಯಿತು. ಮುಂದೆ ತೂಗಿದರೆ ಅಪ್ಪ ತಿರುಗಿ ಬರುವಾಗಲೇ ನೋಡುತ್ತಾನೆ. ಕಟ್ಟಿನಲ್ಲಿ ಇಟ್ಟರೆ ಬಿಚ್ಚಿ ನೋಡುತ್ತಾನೆ. ಅವನಿಗೆ ಅಷ್ಟು ಆಸೆ ಇತ್ತು. ಹೊರಗೆ ಬಕೆಟ್ಟಿನ ಸದ್ದು ಕೇಳಿತು. ಕಂಬದ ಹಿಂದೆ ಕತ್ತಲಿತ್ತು, ಮೊಳೆಯೂ ಇತ್ತು. ಚೌಕಟ್ಟಿಲ್ಲದ ಆ ಹಾಳೆಯನ್ನು ಅಲ್ಲಿ ಸಿಕ್ಕಿಸಿ, ಬರೆದ ಮಗ್ಗಲು ಕಾಣಬಾರದೆಂದು ಗೋಡೆಗೆ ಮುಖ ಮಾಡಿ ಅಂಗೈಯಿಂದ ಒತ್ತಿಬಿಟ್ಟಳು. ಅಪ್ಪ ರಾತ್ರಿ ಇಲ್ಲೇ ಮಲಗಿ ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಹೋಗುತ್ತಾನೆ, ಆಮೇಲೆ ತಿರುಗಿಸಿದರಾಯಿತು ಎಂದುಕೊಂಡಳು. ಅಂಗೈಗೆ ತಂಪು ತಾಗಿದ್ದು ಅವಳ ಗಮನಕ್ಕೇ ಬರಲಿಲ್ಲ. ಅರಿಶಿನಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಮದುವೆ ಮನೆಯಲ್ಲಿ ಆರತಿಯ ತಟ್ಟೆಗೆ ಅವ್ವ ಎರಡನ್ನೂ ಕಲಸಿ ಕೆಂಪು ನೀರು ಮಾಡುವುದನ್ನು ಕೂಸಿದ್ದಾಗಿನಿಂದ ನೋಡಿದವಳು. ಹೆದರಿದಾಗ ಗೊತ್ತಿದ್ದದ್ದು ಯಾವುದೂ ಕೈಗೆ ಬರುವುದಿಲ್ಲ.

ಆ ರಾತ್ರಿ ಗುಲ್ನಾರಳ ಬಳಗದವರ ಮನೆಯಲ್ಲಿ ಉಳಿದು ಬೆಳಿಗ್ಗೆ ಬಂದರೆ ಫಕ್ಕೀರಪ್ಪ ಹೋಗಿರಲಿಲ್ಲ. ನಲ್ಲಿಯ ನೀರಲ್ಲಿ ಜಳಕ ಮಾಡಿ, ಚೀಲದಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿ ತೆಗೆದು ಹಾಕಿಕೊಂಡು, ಕೂದಲು ಬಾಚಿ, ಮೆಟ್ಟಿಲ ಮೇಲೆ ಕೂತಿದ್ದ.

"ಬಸ್ಸಿಗೆ ಹೋಗಲಿಲ್ಲ?" ಎಂದಳು. ಧ್ವನಿ ತನ್ನದೇ ಅಲ್ಲವೆನ್ನಿಸಿತು.

"ನೋಡೇ ಹೊಕ್ಕೇನಿ. ಊರಾಗ ಎಲ್ಲಾರೂ ಕೇಳ್ತಾರ, ಹೆಂಗಿತ್ತು ಅಂತ."

ಅವಳು ಮಾತಾಡುವ ಮೊದಲೇ ಗೇಟಿನಲ್ಲಿ ಕಾರು ನಿಂತಿತು. ಪರೀಕ್ಷಕರು ಹೇಳಿದ ವೇಳೆಗಿಂತ ಮುಂಚೆ ಬಂದಿದ್ದರು. ವಿದ್ಯಾ ಮೇಡಂ ಓಡಿ ಬಂದರು, ಹುಲಗೇಶ ದೀಪಗಳನ್ನು ಹಚ್ಚಿದ, ಎಲ್ಲರೂ ಒಳಗೆ ನಡೆದರು. ಫಕ್ಕೀರಪ್ಪ ಬಾಗಿಲ ಹೊರಗೇ ನಿಂತುಕೊಂಡ. ದೊಡ್ಡವರು ನೋಡಿ ಮುಗಿಸಲಿ, ಆಮೇಲೆ ತಾನು ಎಂದು.

ಹೆಸರಿನ ಚೀಟಿಗಳನ್ನು ಗುಲ್ನಾರ, ಬೆಳಿಗ್ಗೆ ಬಂದವಳೇ ನೇರ ಒಳಗೆ ಹೋಗಿ, ಆಗಲೇ ಅಂಟಿಸಿದ್ದಳು. ಕಂಬದ ಹಿಂದೆ ಬೆನ್ನು ತೋರಿಸುತ್ತಿದ್ದ ಹಾಳೆಯ ಕೆಳಗೂ ಒಂದು: 'ಅಂಜಿಕೆ'. ಪರೀಕ್ಷಕರು ಹಸಿರಿನ ಮುಂದೆ ನಿಂತರು, ಕಪ್ಪು ಗೆರೆಯ ಮುಂದೆ ಬಹಳ ಹೊತ್ತು ನಿಂತರು, ಕೆಂಪು 'ಧೈರ್ಯ'ದ ಮುಂದೆ ಅಷ್ಟು ನಿಲ್ಲಲಿಲ್ಲ. ಆಮೇಲೆ ಕಂಬದ ಕಡೆಗೆ ತಿರುಗಿದರು.

"ಇದ್ಯಾಕ ಹಿಂಗ ತಿರುವಿ ಹಾಕೀರಿ?" ಎಂದು ಮೇಡಂ ತಾವೇ ಕೈಹಾಕಿ ಹಾಳೆಯನ್ನು ಗೋಡೆಯಿಂದ ಬಿಡಿಸಿದರು. ಅದು ಅಲ್ಲಲ್ಲಿ ಅಂಟಿಕೊಂಡಿತ್ತು, ಚರಚರ ಎಂದು ಎದ್ದು ಬಂತು.

ಹಳದಿ ಎಲ್ಲೂ ಇರಲಿಲ್ಲ. ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತ ಆಕಾರ ಕೆಂಪಾಗಿತ್ತು. ಟ್ಯೂಬಿನ ಕೆಂಪಲ್ಲ, ಇಟ್ಟಿಗೆಯ ಹಾಗೆ, ಹಳೆಯ ಗಾಯದ ಹಾಗೆ ಮಂಕಾದ ಕೆಂಪು. ಬಣ್ಣ ಒದ್ದೆಗೆ ಹರಡಿ ಬೆನ್ನ ಹಿಂದಿನ ಬಿಳಿ ಸಂದನ್ನು ನುಂಗಿತ್ತು. ಉಸಿರು ಬಿಗಿಹಿಡಿದು ಅವಳು ಕಾಪಾಡಿದ್ದ ಸಂದು. ಈಗ ಆ ಮನುಷ್ಯ ಗೋಡೆಗೆ ಪೂರ್ತಿ ಒರಗಿ ಕೂತಿದ್ದ. ಗೋಡೆಯ ಮೇಲೂ ಅದೇ ಆಕಾರದ ಕೆಂಪು ಅಚ್ಚು ಮೂಡಿತ್ತು.

"ಯಾ ಅಲ್ಲಾ, ಸುಣ್ಣಾ," ಎಂದಳು ಗುಲ್ನಾರ ಮೆಲ್ಲಗೆ.

ಹುಲಗೇಶನಿಗೆ ಕಂಡದ್ದು ಗೋಡೆ. "ಏ ಫಕ್ಕೀರಪ್ಪ!" ಎಂದು ಅವನು ಕೂಗಿದ ಕೂಗಿಗೆ ಸಭಾಭವನವೆಲ್ಲ ತಿರುಗಿ ನೋಡಿತು. "ಬಾ ಇಲ್ಲೆ! ಏನ್ ಮಾಡಿಟ್ಟೀಯೋ ಇದನ್ನ? ಹಸಿ ಗ್ವಾಡಿ ಬಿಟ್ಟು ಮಕ್ಕೊಂಡಿ. ಹುಡುಗಿ ವರ್ಷದ ಕೆಲಸಾ ಹಾಳಾತು, ನನ್ನ ಗ್ವಾಡಿನೂ ಹಾಳಾತು. ಹಸಿ ಐತಿ ಅಂತ ಒಂದು ಮಾತು ಹೇಳಾಕ ಬಾಯಿ ಇರಲಿಲ್ಲೇನು ನಿನಗ?"

ಫಕ್ಕೀರಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಇಸ್ತ್ರಿ ಅಂಗಿಯ ತೋಳು ಕೆಳಗಿಳಿಸಿಕೊಂಡ. ಹುಲಗೇಶನನ್ನು ನೋಡಿದ, ಪರೀಕ್ಷಕರನ್ನು ನೋಡಿದ, ಮೇಡಂ ಕೈಯಲ್ಲಿದ್ದ ಹಾಳೆಯನ್ನು ನೋಡಿದ. ತನ್ನ ಮೊಣಕಾಲು, ತನ್ನ ಟವೆಲ್ಲಿನ ಗಂಟು ಅವನಿಗೆ ಗುರುತು ಸಿಕ್ಕವು. ಮುಖದಲ್ಲಿ ಒಂದು ಸಣ್ಣ ಸಂತೋಷ ಬಂತು. ಆಮೇಲೆ ಅವನ ಕಣ್ಣು ಚೀಟಿಯ ಮೇಲೆ ಇಳಿಯಿತು.

ಅವನು ಓದು ಕಲಿತದ್ದು ದೊಡ್ಡವನಾದ ಮೇಲೆ, ಬಸ್ಸಿನ ಬೋರ್ಡು ಓದುವಷ್ಟು. ತುಟಿ ಆಡಿಸಿಯೇ ಓದುವನು. ಸಮತಾ ಆ ತುಟಿಗಳನ್ನೇ ನೋಡುತ್ತ ನಿಂತಳು. ಅಂ. ಜಿ. ಅಲ್ಲಿ ಒಂದು ಕ್ಷಣ ನಿಂತ. ಕೆ. ಮತ್ತೊಮ್ಮೆ ಮೊದಲಿನಿಂದ ಓದಿದ. ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಅವಳಿಗೆ. ಅವನು ಮಗಳ ಕಡೆ ತಿರುಗಲಿಲ್ಲ.

ಹುಲಗೇಶನ ಕಡೆ ತಿರುಗಿ ಕೈ ಜೋಡಿಸಿದ.

"ತಪ್ಪಾತ್ರಿ. ನಂದ ತಪ್ಪು. ಗ್ವಾಡಿ ಹಸಿ ಐತಿ ಅಂತ ಹೇಳಬೇಕಾಗಿತ್ತು, ಹೇಳಲಿಲ್ಲ ನಾ. ಹುಡುಗಿಗೆ ಗೊತ್ತಿರಲಿಲ್ಲ." ಆಮೇಲೆ ಪರೀಕ್ಷಕರಿಗೆ: "ಸಾಹೇಬ್ರ, ಇದರ ಸಂಬಂಧ ಆಕಿ ಮಾರ್ಕ್ಸ್ ಕಡಿಮಿ ಮಾಡಬ್ಯಾಡ್ರಿ."

ಅದೇ ಕೈ, ಅದೇ ಮಾತು. ಹಿರೇಕೆರೂರಿನ ಅಂಗಳ ಅವಳ ಕಣ್ಣ ಮುಂದೆ ಬಂತು. ಆದರೆ ಈ ಸಲ ಅವಳಿಗೆ ನಿಜ ಗೊತ್ತಿತ್ತು. ಅಪ್ಪ ಹೇಳಿದ್ದ, ತಾನು ಹೂಂ ಎಂದಿದ್ದಳು. ಹೇಳಿದ್ದೆ ಎಂದು ಒಂದು ಮಾತು ಆಡಿದರೆ ಅವನು ಪಾರಾಗುತ್ತಿದ್ದ, ಮಗಳು ಸಿಕ್ಕಿಬೀಳುತ್ತಿದ್ದಳು. ಅದನ್ನು ತಿಳಿದೇ, ತನ್ನನ್ನು ಮಗಳು ಏನೆಂದು ಕರೆದಿದ್ದಾಳೆಂದು ಓದಿದ ಮೇಲೆಯೇ, ಅವನು ಸುಳ್ಳು ಹೇಳುತ್ತಿದ್ದ. ಹಿರೇಕೆರೂರಿನಲ್ಲಿ ಆ ಸಾವಕಾರರ ಕೈಗೆಟಕುವಷ್ಟು ಹತ್ತಿರದಲ್ಲಿ ನೀಲಿಯ ಡಬ್ಬಿ ಹಿಡಿದುಕೊಂಡು ಯಾರು ನಿಂತಿದ್ದರು ಎಂದು ಅವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ತನ್ನನ್ನು ಕೇಳಿಕೊಂಡಿರಲಿಲ್ಲ.

ಮಾತಾಡಬೇಕು. ಬಾಯಿ ತೆರೆಯಲಿಲ್ಲ. ಮೇಡಂ ಏನೆನ್ನುತ್ತಾರೆ, ಪರೀಕ್ಷಕರು ಏನು ಬರೆದುಕೊಳ್ಳುತ್ತಾರೆ, ವರ್ಷವೆಲ್ಲ ನೀರಿಗೆ ಹೋಗುತ್ತದೆ. ಸುಮ್ಮನಿದ್ದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಅಪ್ಪ ಅದಕ್ಕೆ ದಾರಿ ಮಾಡಿಕೊಟ್ಟಾಗಿತ್ತು. ಹುಲಗೇಶ "ತಪ್ಪಂತ, ತಪ್ಪು" ಎಂದು ಮತ್ತೆ ಶುರುಮಾಡಿದ.

"ಅವ್ರು ಹೇಳಿದ್ರು," ಎಂದಳು ಸಮತಾ.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಅವಳು ಇನ್ನೊಮ್ಮೆ ಹೇಳಬೇಕಾಯಿತು.

"ಗ್ವಾಡಿ ಹಸಿ ಐತಿ, ತೂಗು ಹಾಕಬ್ಯಾಡ ಅಂತ ನನಗ ಹೇಳಿದ್ರು. ನಾನ ಹಾಕೀನಿ. ಮುಖಾ ಒಳಗ ಮಾಡಿ ಹಾಕೀನಿ, ಅವ್ರು ನೋಡಬಾರದು ಅಂತ."

"ಯಾಕ ನೋಡಬಾರದು?" ಎಂದರು ಪರೀಕ್ಷಕರು.

"ಅದರಾಗ ಇರೂದು ಅವರ. ನಮ್ಮಪ್ಪ. ತಾಳ್ಮಿ ಅಂತ ಬರ್ಯಾಕತ್ತೇನಿ ಅಂತ ಸುಳ್ಳು ಹೇಳಿದ್ದೆ."

ಫಕ್ಕೀರಪ್ಪ ಜೋಡಿಸಿದ ಕೈ ಕೆಳಗಿಳಿಸಲು ಮರೆತಿದ್ದ. ಪರೀಕ್ಷಕರು ಹಾಳೆಯನ್ನು ಮೇಡಂ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಕರುಣೆಯ ಮನುಷ್ಯನಂತೇನೂ ಕಾಣಲಿಲ್ಲ.

"ಇದು ನೀವು ಬರೆದ ಚಿತ್ರ ಅಲ್ಲ ಈಗ. ಇದಕ್ಕ ಯಾವ ಹೆಸರ ಮ್ಯಾಲೆ ಅಂಕ ಕೊಡ್ಲಿ?"

ಸಮತಾ ಗೋಡೆಯ ಹತ್ತಿರ ಹೋಗಿ 'ಅಂಜಿಕೆ' ಎಂಬ ಚೀಟಿಯನ್ನು ಕಿತ್ತಳು. ಮುಂದಿನ ಗೋಡೆಗೆ ನಡೆದು, ತನ್ನ ಕೆಂಪು ಚಿತ್ರದ ಕೆಳಗಿದ್ದ 'ಧೈರ್ಯ'ವನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಅದರ ಜಾಗದಲ್ಲಿ ಕೈಯಲ್ಲಿದ್ದುದನ್ನು ಅಂಟಿಸಿದಳು. ಚೀಟಿ ಸೊಟ್ಟಗೆ ಕೂತಿತು. ಅಪ್ಪನ ಚಿತ್ರವನ್ನು ಒಣಗಿದ ಗೋಡೆಗೆ, ಮುಖ ಹೊರಗೆ ಮಾಡಿ ಹಾಕಿದಳು.

"ಅದರ ಹೆಸರು ಗೊತ್ತಿಲ್ರಿ ನನಗ," ಎಂದಳು.

ಪರೀಕ್ಷಕರು ಏನೋ ಬರೆದುಕೊಂಡು ಮುಂದಿನ ವಿದ್ಯಾರ್ಥಿಯ ಚಿತ್ರಗಳ ಕಡೆ ನಡೆದರು. ಅಂಕಗಳು ಬರಬೇಕಾದಾಗ ಬಂದವು, ಅವುಗಳಿಂದ ಯಾರಿಗೂ ಅಂಥ ಸುಖವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಗೋಡೆಯ ಮೇಲಿನ ಕೆಂಪು ಅಚ್ಚಿಗೆ ಫಕ್ಕೀರಪ್ಪ ಅವತ್ತೇ, ಇಸ್ತ್ರಿ ಅಂಗಿ ಕಳಚಿಟ್ಟು, ಇನ್ನೊಂದು ಕೈ ಸುಣ್ಣ ಹಚ್ಚಿದ. ಬೇಡ ಎಂದು ಹೇಳುವ ಹಕ್ಕು ತನಗಿದೆ ಎಂದು ಸಮತಾಗೆ ಅನ್ನಿಸಲಿಲ್ಲ.

ಮಧ್ಯಾಹ್ನ ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಶಿಗ್ಗಾಂವಿ ಬಸ್ಸಿಗೆ ಕಾಯುತ್ತ ಇಬ್ಬರೂ ನಿಂತರು. ಅವನು ಗೋಡೆಯ ಬುಡದಲ್ಲಿ ಎಂದಿನಂತೆ ಕುಕ್ಕರುಗಾಲಲ್ಲಿ ಕೂತ. ಬೆನ್ನ ಹಿಂದೆ ಅದೇ ಸಂದು. ಅವಳಿಗೆ ತಡೆಯಲಾಗಲಿಲ್ಲ.

"ಗ್ವಾಡಿಗೆ ಆನಕೊಂಡು ಕುಂದರಪ್ಪ. ಇಲ್ಲಿ ಯಾರೂ ಏನೂ ಅನ್ನೂದಿಲ್ಲ."

ಫಕ್ಕೀರಪ್ಪ ಹಿಂದೆ ತಿರುಗಿ ಗೋಡೆ ನೋಡಿದ, ಮಗಳನ್ನು ನೋಡಿದ. ಅವನಿಗೆ ಅರ್ಥವಾಗಲಿಲ್ಲ.

"ಯಾರರ ಯಾಕಂತಾರ? ಜೀವಮಾನ ಹಸಿ ಸುಣ್ಣದ ಬಾಜೂಕ ಕುಂತಾಂವ. ಬೆನ್ನ ಹಚ್ಚಿದ್ರ ಅಂಗಿ ಹಾಳಾಗತೈತಿ, ಗ್ವಾಡಿನೂ ಹಾಳಾಗತೈತಿ. ಅದ ರೂಢಿ ಆಗಿಬಿಟ್ಟೈತಿ."

ಸಮತಾ ಅವನ ಪಕ್ಕದಲ್ಲಿ ಕೂತಳು. ಆ ಸಂದಿಗಾಗಿ ಅವಳು ಎಷ್ಟು ಸಿಟ್ಟು ಮಾಡಿಕೊಂಡಿದ್ದಳು! ಅಳು ಬಂತು, ನಗುವೂ ಬಂತು, ಎರಡನ್ನೂ ನುಂಗಿಕೊಂಡಳು.

"ಮತ್ತ ಹಿರೇಕೆರೂರಾಗ? ಆ ಗಡಿಯಾರದ ದಿನಾ?"

ಅವನು ಬೆರಳ ಸಂದಿನಲ್ಲಿ ಒಣಗಿದ್ದ ಸುಣ್ಣವನ್ನು ಉಗುರಿನಿಂದ ಕೆರೆದ.

"ಅವತ್ತು ಅಂಜಿದ್ದೆ," ಎಂದ. "ಸುಳ್ಳ್ಯಾಕ ಹೇಳ್ಲಿ. ಬಾಜೂಕ ನೀ ನಿಂತಿದ್ದಿ."

ಬಸ್ಸು ಬಂತು. ಜನ ನುಗ್ಗಿದರು. ಅವನು ಬಕೆಟ್ಟು, ಕುಂಚದ ಕಟ್ಟು ಹೊತ್ತು ಹತ್ತಿ ಮಗಳಿಗೂ ಸೇರಿಸಿ ಸೀಟು ಹಿಡಿದ. ಊರು ದಾಟಿ ಗದ್ದೆಗಳ ನಡುವೆ ಬಂದ ಮೇಲೆ, ಎಷ್ಟೋ ಹೊತ್ತಿನಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಕೇಳಿದ:

"ಊರಾಗ ಎಲ್ಲಾರಿಗೂ ತಾಳ್ಮಿ ಅಂತ ಹೇಳಿಟ್ಟೇನಿ. ಈಗ ಚಾದಂಗಡ್ಯಾಗ ಕೇಳಿದ್ರ ಏನ್ ಹೇಳ್ಲಿ?"

"ಇನ್ನಾ ಮುಗದಿಲ್ಲ ಅಂತ ಹೇಳು," ಎಂದಳು. "ಮತ್ತೊಮ್ಮೆ ಬರೀತೇನಿ. ಕುಂದರ್ತೀಯೇನು?"

"ಕುಂದರ್ತೇನಿ. ಸಾವಕಾಶ ಬರಿ," ಎಂದ ಫಕ್ಕೀರಪ್ಪ, ಸೀಟಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ.